ದಲ್ಲಾಳಿ ಚಾಮಯ್ಯ ಫೀಸು ಕೇಳಿದ್ದು

ನಮ್ಮಪ್ಪ ಚಾಮಯ್ಯ ದನದ ದಲ್ಲಾಳಿ. ತಿ. ನರಸೀಪುರದ ಸುತ್ತಮುತ್ತ ಎತ್ತು ಕೊಳ್ಳುವವರೂ ಮಾರುವವರೂ ಮೊದಲು ಅಪ್ಪನನ್ನೇ ಹುಡುಕಿಕೊಂಡು ಬರುತ್ತಿದ್ದರು. ಬನ್ನೂರು, ಮುಡುಕುತೊರೆ ಅಂತ ಅಪ್ಪ ಊರೂರು ಅಲೆಯುತ್ತಿದ್ದ. ಬೆಲೆಯನ್ನು ಬಾಯಲ್ಲಿ ಆಡುವ ಪದ್ಧತಿ ಆ ಕಸುಬಿನಲ್ಲಿ ಇರಲಿಲ್ಲ. ಟವಲ್ ಮುಚ್ಚಿ, ಅದರ ಕೆಳಗೆ ಎದುರಿನವನ ಕೈ ಹಿಡಿದು, ಬೆರಳು ಒತ್ತಿ ರೇಟು ತಿಳಿಸುವುದು. ಪಕ್ಕದಲ್ಲಿ ನಿಂತವನಿಗೂ ಗೊತ್ತಾಗಬಾರದು. ಹೀಗೆ ಬೆರಳಲ್ಲೇ ಮಾತಾಡಿ ಅಪ್ಪ ನನ್ನನ್ನು ಬಿ.ಎಸ್ಸಿ. ಓದಿಸಿದ.

1999ರಲ್ಲಿ ಎಂ.ಎಸ್ಸಿ. ಕೆಮಿಸ್ಟ್ರಿಗೆ ನನಗೆ ಎರಡು ಕಡೆ ಸೀಟು ಸಿಕ್ಕಿತು. ಮೈಸೂರಿನ ಕಾಲೇಜಿನವರು ಫೀಸು ಪೂರ್ತಿ ಬಿಟ್ಟರು, ಆದರೆ ಹಾಸ್ಟೆಲ್ಲು, ಊಟ ನಮ್ಮದೇ. ನಂಜನಗೂಡಿನ ಒಂದು ಟ್ರಸ್ಟಿನ ಕಾಲೇಜಿನವರು ಹಾಸ್ಟೆಲ್ಲು, ಊಟ ಬಿಟ್ಟಿ ಕೊಡುತ್ತೇವೆ ಅಂದರು, ಆದರೆ ಫೀಸು ಕಟ್ಟಬೇಕು. ಎರಡೂ ಅರ್ಧರ್ಧ! ಯಾರಾದರೊಬ್ಬರು ಉಳಿದರ್ಧವನ್ನೂ ಬಿಡದಿದ್ದರೆ ನನ್ನ ಓದಿಗೆ ಮಂಗಳ ಹಾಡಬೇಕಿತ್ತು. ಮೈಸೂರಿನವರು ಕಡ್ಡಿ ಮುರಿದಂತೆ ಆಗುವುದಿಲ್ಲ ಅಂದಿದ್ದರು. ಉಳಿದದ್ದು ನಂಜನಗೂಡು. ಅಲ್ಲಿ ಸೀಟು ಒಪ್ಪಿಕೊಳ್ಳಲು ನಾನೂ ಅಪ್ಪನೂ ಬಸ್ಸು ಹತ್ತಿದ ದಿನವೇ ಕಡೆಯ ದಿನ.

ಬಸ್ಸಿನಲ್ಲಿ ಅಪ್ಪನಿಗೆ ಬಿಡಿಸಿ ಬಿಡಿಸಿ ಹೇಳಿದೆ. "ಮೈಸೂರಿನೋರ ಕಾಗದ ತೋರಿಸಿ, ಅವರು ಬಿಟ್ಟವ್ರೆ, ನೀವೂ ಫೀಸು ಬಿಡಿ ಅಂತ ಕೇಳಾಣ ಕಣಪ್ಪ."

"ಒಬ್ರ ರೇಟ್ನ ಇನ್ನೊಬ್ರಿಗೆ ಯೋಳ್ಬಾರ್ದು ಕನವ್ವ, ಅದು ದ್ರೋಹ. ಯಾಪಾರ ನನ್ ಕಸ್ಬು, ನೀ ಸುಮ್ಕಿರು."

"ಇದು ಎತ್ತಲ್ಲಪ್ಪ, ಸೀಟು!"

"ಎಲ್ಲಾ ಒಂದೇಯ," ಅಂದವನೇ ನನ್ನ ಕೈಯಿಂದ ಕಾಗದ ಕಿತ್ತುಕೊಂಡು ತನ್ನ ಜೇಬಿಗೆ ತುರುಕಿಕೊಂಡ. ನನಗೆ ಮೈಯೆಲ್ಲ ಉರಿದುಹೋಯಿತು. ನಂಜನಗೂಡು ಬರುವವರೆಗೂ ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ.

ಟ್ರಸ್ಟಿನ ಸೆಕ್ರೆಟರಿ ಶಿವಸ್ವಾಮಿಯವರ ರೂಮಿನ ಬೆಂಚಿನ ಮೇಲೆ ಕಾಯುತ್ತಿದ್ದ ನಾಲ್ಕೈದು ಜನರ ನಡುವೆ ನಮ್ಮೂರಿನ ಚನ್ನಯ್ಯನೂ ತನ್ನ ಮಗನ ಅಡ್ಮಿಷನ್ನಿಗೆ ಅಂತ ಬಂದು ಕೂತಿದ್ದ. ಎತ್ತುಗಳನ್ನು ಕೊಂಡು ಮಾರುವ ಆಸಾಮಿ, ಅಪ್ಪನಿಗೆ ಹೆಚ್ಚು ಕಮಿಷನ್ ಬರುತ್ತಿದ್ದುದು ಅವನಿಂದಲೇ. ಅವನನ್ನು ಕಂಡದ್ದೇ ಅಪ್ಪನ ಮುಖ ಬಿಗಿದುಕೊಂಡಿತು. ದಲ್ಲಾಳಿಯ ಕೈ ಬರಿದಾಗಿದೆ ಅಂತ ವ್ಯಾಪಾರಸ್ಥರಿಗೆ ಗೊತ್ತಾಯಿತೋ, ಮುಗಿಯಿತು. ಮೊದಲು ಅವನ ಕಮಿಷನ್ನಿಗೇ ಕತ್ತರಿ.

"ಏನ್ರೀ, ಫೀಸ್ ತಂದಿದ್ದೀರಾ?" ಅಂದರು ಶಿವಸ್ವಾಮಿ.

ಅಪ್ಪ ಮೇಜು ಬಳಸಿಕೊಂಡು ಅವರ ಮಗ್ಗುಲಿಗೇ ಹೋದ. ಹೆಗಲ ಟವಲ್ಲನ್ನು ಅವರ ಬಲಗೈ ಮೇಲೆ ಹಾಕಿ, ಅದರ ಕೆಳಗೆ ಬೆರಳು ಹುಡುಕತೊಡಗಿದ. ಅಯ್ಯೋ ಶಿವನೇ!

ಶಿವಸ್ವಾಮಿ ಚಂಗನೆ ಎದ್ದರು. "ಟವಲ್ ಕೆಳಗೆ ಲಂಚ ಕೊಡೋಕೆ ಬಂದಿದ್ದೀರೇನ್ರೀ? ನನ್ನನ್ನ ಏನಂತ ತಿಳ್ಕೊಂಡಿದ್ದೀರಿ? ರೀ ಗುಮಾಸ್ತರೇ, ಆ ಹುಡುಗಿ ಹೆಸರು ಹೊಡೆದ್ಹಾಕಿ!"

"ಸಾರ್, ಲಂಚ ಅಲ್ಲ!" ಅಂತ ಕಿರುಚಿಬಿಟ್ಟೆ. "ಅಪ್ಪ ದನದ ದಲ್ಲಾಳಿ. ಬೆರಳಲ್ಲಿ ರೇಟು ಕೇಳ್ತಿದ್ದಾರೆ. ಕೈ ಖಾಲಿ ಇದೆ, ನೀವೇ ನೋಡಿ!"

ಬೆಂಚಿನವರು ಕಿಸಕ್ಕನೆ ನಕ್ಕರು. ಶಿವಸ್ವಾಮಿ ನಗಲಿಲ್ಲ. "ರೇಟು ಕೇಳೋಕೆ ಇದೇನು ಸಂತೆಯಾ? ಎಷ್ಟು ಕಟ್ತೀರಿ ಅಂತ ಬಾಯ್ಬಿಟ್ಟು ಹೇಳಿ. ಇಲ್ಲಾಂದ್ರೆ ನಡೀರಿ."

ಗುಮಾಸ್ತರ ಪೆನ್ನು ನನ್ನ ಹೆಸರಿನ ಮೇಲೇ ನಿಂತಿತ್ತು. ಅಪ್ಪ ಒಮ್ಮೆ ಅದನ್ನು ನೋಡಿದ, ಒಮ್ಮೆ ಚನ್ನಯ್ಯನನ್ನು ನೋಡಿದ. ನಾನು ಮನಸ್ಸಿನಲ್ಲೇ ಕೂಗಿಕೊಂಡೆ: ಮಾತಾಡಪ್ಪ, ಸತ್ತೇಹೋಗ್ತೀನಿ, ಮಾತಾಡು!

ಅಪ್ಪ ಜೇಬಿನಿಂದ ಕಾಗದ ತೆಗೆದು ಮೇಜಿನ ಮೇಲಿಟ್ಟ.

"ಮೈಸೂರೋರು ಪೀಸು ಬುಟ್ಟವ್ರೆ ಸಾ. ಊಟಕ್ ಆಕಾಕಿಲ್ಲ ಅಂದ್ರು. ನೀವು ಊಟಕ್ ಆಕ್ತೀವಿ ಅಂದಿದ್ದೀರಿ. ಪೀಸ್ಗೆ ನನ್ ತಾವ ಏನೂ ಇಲ್ಲ. ಒಂದ್ ಕಾಸೂ ಇಲ್ಲ. ಈ ಮೈಮ್ಯಾಲಿನ ಅಂಗಿನೂ ನನ್ ಬಾಮೈದಂದೇಯ ಸಾ."

ಬೆಂಚಿನಲ್ಲಿ ಯಾರೂ ನಗಲಿಲ್ಲ. ಶಿವಸ್ವಾಮಿ ಕಾಗದ ಓದಿದರು, ನನ್ನ ಮಾರ್ಕ್ಸ್ ಕಾರ್ಡ್ ನೋಡಿದರು, ಮತ್ತೆ ಕಾಗದ ಓದಿದರು.

"ಫೀಸ್ ಬಿಡ್ತೀವಿ. ಆದ್ರೆ ಸೆಕೆಂಡ್ ಕ್ಲಾಸ್ ಬಂತೋ, ಪೂರ್ತಿ ಕಟ್ಟಿಸ್ಕೊಳ್ತೀನಿ ಕಣಮ್ಮ," ಅಂದರು.

ಹೊರಗೆ ಬಂದಾಗ ನನಗೆ ಕುಣಿಯುವಷ್ಟು ಖುಷಿ. ಅಪ್ಪ ಟವಲ್ಲನ್ನು ತಲೆಗೆ ಹೊದ್ದುಕೊಂಡು ಬಸ್ ಸ್ಟ್ಯಾಂಡಿನ ತನಕ ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದ. ನಾಚಿಕೆಗೆ ಹೀಗಾಡುತ್ತಿದ್ದಾನೆ, ನಾಲ್ಕು ದಿನ ಹೋದರೆ ಸರಿಹೋಗುತ್ತಾನೆ ಅಂದುಕೊಂಡೆ.

ಹಾಸ್ಟೆಲ್ಲಿಗೆ ಸೇರಿದ ಮೇಲೆ ಒಂದು ಭಾನುವಾರ ಅವ್ವ ಚಟ್ನಿಪುಡಿ ತಂದುಕೊಟ್ಟಳು. ಅವ್ವನ ಹೆಸರು ಪುಟ್ಟಲಕ್ಷ್ಮಿ, ಹೊಟ್ಟೆಯಲ್ಲಿ ಮಾತು ನಿಲ್ಲದ ಹೆಂಗಸು. ಅವತ್ತು ಮಾತ್ರ ಕೆದಕಿ ಕೆದಕಿ ಕೇಳಬೇಕಾಯಿತು.

"ಚನ್ನಯ್ಯ ಎತ್ತು ತಕ್ಕಂಡ ಕನವ್ವ. ನಿಮ್ಮಪ್ಪಂಗೆ ಅರ್ಧ ಕಮಿಷನ್ನು ಕೊಟ್ಟ. ಯಾಕಪ್ಪ ಅಂದ್ರೆ, 'ಒಂದ್ ಕಾಸೂ ಇಲ್ಲ ಅಂತ ನೀನೇ ಅಂದಲ್ಲ ಚಾಮಯ್ಯ, ಕೊಟ್ಟಷ್ಟು ತಕ್ಕೋ' ಅಂತ ಸಂತೇಲೇ ಎಲ್ರೆದ್ರುಗೂ ಅಂದ. ಈಗ ಎಲ್ರೂ ಅರ್ಧವೇ ಕೊಡ್ತಾವ್ರೆ."

"ಅಪ್ಪ ಏನಂದ?"

"ಏನಂದಾರು? ಈಸ್ಕಂಡ್ರು."

ಅವ್ವ ಬಸ್ಸು ಹತ್ತಿ ಹೋದಳು. ಎದುರಿಗಿಲ್ಲದ ಚನ್ನಯ್ಯನನ್ನು ಬಾಯಿಗೆ ಬಂದಂತೆ ಬೈದೆ, ರೂಮಿನ ಬಾಗಿಲು ಹಾಕಿಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ಆಮೇಲೆ ಮುಖ ತೊಳೆದುಕೊಂಡು ಪುಸ್ತಕ ತೆಗೆದೆ. ಸೆಕೆಂಡ್ ಕ್ಲಾಸ್ ತರುವ ಹಾಗಿರಲಿಲ್ಲ.