ಪೆಡಲ್ಲುಗಳ ಮಾನಪಾನ

ಗಿಟಾರು ಕೈಯಿಂದ ಬಾರಿಸುವ ವಾದ್ಯ ಎಂದು ನಂಬಿಕೊಂಡಿರುವ ಮುಗ್ಧರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಒಂದು ಕಾಲದಲ್ಲಿ ನಾನೂ ಅವರಲ್ಲೊಬ್ಬನಾಗಿದ್ದೆ. ಆಮೇಲೆ ತಿಳಿಯಿತು, ಕೈಗೆ ಇರುವುದು ಕೂಲಿ ಕೆಲಸ ಮಾತ್ರ, ಯಜಮಾನಿಕೆಯೆಲ್ಲ ಕಾಲಿನದು. ಎಲೆಕ್ಟ್ರಿಕ್ ಗಿಟಾರು ಹಿಡಿದವನ ಕಾಲಬುಡದಲ್ಲಿ ಪೆಡಲ್ ಎಂಬ ಕಬ್ಬಿಣದ ಡಬ್ಬಿಗಳು ಸಾಲಾಗಿ ಕೂತಿರುತ್ತವೆ. ಒಂದನ್ನು ಮೆಟ್ಟಿದರೆ ಸದ್ದು ಗೊಗ್ಗರಾಗುತ್ತದೆ, ಇನ್ನೊಂದನ್ನು ಮೆಟ್ಟಿದರೆ ಅಳುತ್ತದೆ, ಮತ್ತೊಂದನ್ನು ಮೆಟ್ಟಿದರೆ ಒಬ್ಬನೇ ಬಾರಿಸಿದ್ದು ನಾಲ್ಕು ಜನ ಬಾರಿಸಿದಂತೆ ಕೇಳುತ್ತದೆ. ಗಿಟಾರಿನಿಂದ ಹೊರಟ ಸದ್ದು ವಯರಿನ ಮೂಲಕ ಈ ಡಬ್ಬಿಗಳನ್ನೆಲ್ಲ ಒಂದೊಂದಾಗಿ ಹಾದು, ಪ್ರತಿಯೊಂದರ ಕೈಯಲ್ಲೂ ಒಂದಿಷ್ಟು ಕೆಟ್ಟು, ಕಡೆಗೆ ಆಂಪ್ಲಿಫೈಯರನ್ನು ಮುಟ್ಟುತ್ತದೆ. ನಮ್ಮ ಆಫೀಸಿನ ಫೈಲಿಗೂ ಇದೇ ಗತಿಯಾದ್ದರಿಂದ ನನಗೆ ಇದು ಅರ್ಥವಾಗಲು ಕಷ್ಟವಾಗಲಿಲ್ಲ.

ಕಷ್ಟವಾದದ್ದು ಯಾವ ಡಬ್ಬಿ ಯಾವುದರ ಹಿಂದೆ ಕೂರಬೇಕು ಎಂಬ ಪ್ರಶ್ನೆ. ತುಪ್ಪಕ್ಕೆ ಪಾತ್ರೆ ಆಧಾರವೋ, ಪಾತ್ರೆಗೆ ತುಪ್ಪ ಆಧಾರವೋ ಎಂದು ತಲೆ ಕೆಡಿಸಿಕೊಂಡ ತರ್ಕಶಾಸ್ತ್ರಿಯ ಕಥೆ ನೀವು ಕೇಳಿರುತ್ತೀರಿ. ಆತ ಪಾತ್ರೆಯನ್ನು ಬೋರಲು ಹಾಕಿ ತುಪ್ಪ ಚೆಲ್ಲಿಕೊಂಡಾದರೂ ಒಂದು ನಿರ್ಣಯಕ್ಕೆ ಬಂದ. ಗಿಟಾರಿನವರು ಇನ್ನೂ ಬಂದಿಲ್ಲ. ಇಸವಿ ಎರಡು ಸಾವಿರದ ಆಚೀಚೆ ಪುಣೆಯ ಸೈಬರ್ ಕೆಫೆಗಳಲ್ಲಿ ಬೆವರುತ್ತ ಕೂತು, ಕಾಣದ ದೇಶದ ಕಾಣದ ಮನುಷ್ಯರ ಜೊತೆ ಅಳುವ ಡಬ್ಬಿ ಮೊದಲೋ ಗೊಗ್ಗರು ಡಬ್ಬಿ ಮೊದಲೋ ಎಂದು ಜಗಳ ಕಾಯುವವರನ್ನು ನಾನೇ ನೋಡಿದ್ದೇನೆ. ದ್ವೈತಿಗಳು, ಅದ್ವೈತಿಗಳು, ಎರಡರ ನಡುವೆ ಸ್ವಿಚ್ಚು ಹಾಕಿಕೊಂಡ ವಿಶಿಷ್ಟಾದ್ವೈತಿಗಳು, ಎಲ್ಲರೂ ಇದ್ದರು. ಮಠ ಕಟ್ಟುವುದೊಂದು ಬಾಕಿಯಿತ್ತು. ಇಷ್ಟೆಲ್ಲ ವಾದ ಮಾಡಿದ ಮೇಲೆ ಗಿಟಾರು ಬಾರಿಸಲು ಯಾರಿಗೂ ಪುರುಸೊತ್ತು ಉಳಿಯುತ್ತಿರಲಿಲ್ಲ, ಅದು ಬೇರೆ ಮಾತು.

ಈ ಶಾಸ್ತ್ರವೆಲ್ಲ ಕಿವಿಗೆ ಬೀಳುವ ಮೊದಲೇ ನಾನು ನನ್ನದೊಂದು ಕ್ರಮವನ್ನು ಸ್ಥಾಪಿಸಿಕೊಂಡಿದ್ದೆ. ಜಮಖಂಡಿ ಕಡೆಯ ಮನೆತನದಲ್ಲಿ ಹುಟ್ಟಿದವನಿಗೆ ಕ್ರಮ ಯಾವುದೆಂದು ಇನ್ನೊಬ್ಬರು ಹೇಳಿಕೊಡಬೇಕೆ? ಮೊದಲು ಹಿರಿಯರು, ಆಮೇಲೆ ಕಿರಿಯರು. ಮನೆಗೆ ಮೊದಲು ಬಂದ ಡಬ್ಬಿ ಗಿಟಾರಿನ ಪಕ್ಕಕ್ಕೆ, ಆಮೇಲೆ ಬಂದದ್ದು ಅದರ ಪಕ್ಕಕ್ಕೆ, ಮೊನ್ನೆ ಬಂದದ್ದು ಕಟ್ಟಕಡೆಗೆ. ಈ ಡಬ್ಬಿಗಳಲ್ಲಿ ಸದ್ದು ಬಲಗಡೆಯಿಂದ ಒಳಹೊಕ್ಕು ಎಡಗಡೆಯಿಂದ ಹೊರಬೀಳುತ್ತದೆ. ಬಲಗಾಲಿಟ್ಟು ಒಳಗೆ ಬರಬೇಕೆಂಬುದು ಇವನ್ನು ಮಾಡುವ ಜಪಾನಿನವರಿಗೂ ಗೊತ್ತಿದೆಯಲ್ಲ ಎಂದು ನನಗೆ ಸಮಾಧಾನವಾಗಿತ್ತು.

ಹಾಗೆ ಮೊದಲ ಸ್ಥಾನ ಪಡೆದದ್ದು ಮಾಮಾನ ಎಕೋ ಡಬ್ಬಿ. ಮಾಮಾ ಎಂದರೆ ನನ್ನ ತಾಯಿಯ ತಮ್ಮ. ಪುಣೆಯ ರವಿವಾರ ಪೇಟೆಯಲ್ಲಿ ಭಾಂಡೆ ಅಂಗಡಿ ಇಟ್ಟುಕೊಂಡು ಸ್ಟೀಲಿನ, ಹಿತ್ತಾಳೆಯ ಪಾತ್ರೆಗಳನ್ನು ಮಾರುತ್ತಿದ್ದವರು. ತೊಂಬತ್ತರ ದಶಕದ ಮೊದಲಿಗೆ ಕಾಲೇಜಿಗೆಂದು ಬಂದ ನಾನು, ಕೆಲಸ ಸಿಕ್ಕ ಮೇಲೂ, ಉಳಿದದ್ದು ಅವರ ಮನೆಯಲ್ಲೇ. ಹಳೆಯ ಗಿಟಾರೊಂದನ್ನು ಕೊಂಡು ರಜೆಯಲ್ಲಿ ಊರಿಗೆ ಒಯ್ದಾಗ ಅಪ್ಪ ಅದನ್ನು ತಿರುವಿಮುರುವಿ ನೋಡಿ, “ಇದೇನಲೇ, ಸೊಂಟ ಮುರದ ತಂಬೂರಿ? ತಗೊಂಡಲ್ಲೇ ವಾಪಸ್ ಕೊಟ್ ಬಾ” ಎಂದಿದ್ದರು. ಇಡೀ ಬಳಗದಲ್ಲಿ ಗಿಟಾರಿನ ಪರವಾಗಿ ಬಾಯಿ ತೆರೆದವರು ಮಾಮಾ ಒಬ್ಬರೇ. “ಇರ್ಲಿ ಬಿಡ್ರಿ ಭಾವಾ, ಹುಡುಗ ಇಸ್ಪೀಟ್ ಹಿಡದಿಲ್ಲ, ಬಾಟ್ಲಿ ಹಿಡದಿಲ್ಲ, ತಂತಿ ಹಿಡದಾನ” ಅಂದರು. ಅಷ್ಟಕ್ಕೇ ಬಿಡದೆ, ಮಾಲು ತರಲು ಮುಂಬೈಗೆ ಹೋದಾಗ ಎಲ್ಲಿಯೋ ವಿಚಾರಿಸಿ ಆ ಡಬ್ಬಿಯನ್ನು ತಂದು ನನ್ನ ಕೈಗಿಟ್ಟರು.

ಇಂಗ್ಲಿಷಿನಲ್ಲಿ ಅದರ ಹೆಸರು ಡಿಲೇ. ಬಾರಿಸಿದ್ದನ್ನು ತುಸು ತಡೆದು ಮತ್ತೆ ಮತ್ತೆ ಹೇಳುವುದು ಅದರ ಕೆಲಸ. ಮಾಮಾನಿಗೆ ಅದು ಎಕೋ. ಗಣಪತಿ ಮಂಡಲಗಳ ಮೈಕಿನಲ್ಲಿ “ಮಂಡಳಾಚ್ಯಾ ವತೀನೆ... ವತೀನೆ... ವತೀನೆ...” ಎಂದು ಮಾರ್ದನಿ ಹೊಡೆಯುವುದನ್ನು ವರ್ಷವರ್ಷವೂ ಕೇಳಿದವರು ಅವರು. “ಒಂದ್ ಮಾತು ನಾಕ್ ಸಲ ಕೇಳಿದ್ರನ ತಮ್ಮಾ ಅದಕ್ಕ ವಜನ” ಎಂಬುದು ಅವರ ಸಿದ್ಧಾಂತ. ಮನೆಯಲ್ಲಿ ಅವರು ಯಾವ ಮಾತನ್ನೂ ಒಂದೇ ಸಲ ಹೇಳಿ ಮುಗಿಸಿದ್ದನ್ನು ನಾನು ಕಂಡಿಲ್ಲ. ಎಕೋ ಅವರಿಗೆ ಹುಟ್ಟಿನಿಂದ ಬಂದದ್ದು.

ಅವರ ಇನ್ನೊಂದು ಸಿದ್ಧಾಂತ ಮಾನಪಾನದ್ದು. ಮದುವೆಯಲ್ಲಿ ಆಯೇರದ ಬಟ್ಟೆ ಕೊಡಲು ಹೆಸರು ಕೂಗುವಾಗ ಸೋದರಮಾವನ ಹೆಸರು ಮೊದಲು ಬರಬೇಕು. ಸೋಲಾಪುರದ ಒಂದು ಮದುವೆಯಲ್ಲಿ ತಮ್ಮ ಹೆಸರನ್ನು ಯಾರೋ ವಕೀಲರ ಹೆಸರಿನ ನಂತರ ಕೂಗಿದರೆಂದು ಊಟ ಬಿಟ್ಟು ಎದ್ದು ರೈಲು ಹತ್ತಿದ್ದರು. ಪುಣೆಯವರೆಗೂ ಹಸಿದುಕೊಂಡು ಬಂದದ್ದು ಮಾತ್ರ ಪಾಪ, ಜೊತೆಗಿದ್ದ ಮಾಮಿ. ಮಾಮಾ ನಡುದಾರಿಯ ದೌಂಡ್ ಸ್ಟೇಷನ್ನಿನಲ್ಲಿ ಇಳಿದು ವಡಾಪಾವ್ ತಿಂದು ಬಂದಿದ್ದರಂತೆ.

ಇಂಥವರ ಡಬ್ಬಿಯ ಸ್ಥಾನವನ್ನು ಪ್ರಶ್ನಿಸುವವರು ಯಾರು? ದಸರೆಯ ಖಂಡೆಪೂಜೆಗೆ ಅಂಗಡಿಯ ತಕ್ಕಡಿ, ಮಾಮಿಯ ಈಳಿಗೆ, ನನ್ನ ಡಬ್ಬಿಗಳು ದೇವರ ಮುಂದೆ ಸಾಲಾಗಿ ಕೂರುತ್ತಿದ್ದವು. ಮಾಮಿ ಕುಂಕುಮ ಹಚ್ಚುತ್ತಿದ್ದರು. ಮಾಮಾ ತಮ್ಮ ಡಬ್ಬಿ ಮೊದಲಿದೆಯೇ ಎಂದು ನೋಡಿಕೊಂಡು ಆಮೇಲೆ ದೇವರಿಗೆ ಕೈ ಮುಗಿಯುತ್ತಿದ್ದರು. ಡಬ್ಬಿಗಳ ಹೊಟ್ಟೆಗಿಳಿದ ಕುಂಕುಮ ದೀಪಾವಳಿಯವರೆಗೂ ಕರಕರ ಎನ್ನುತ್ತಿತ್ತು. ಅದನ್ನು ನಾನು ಪ್ರಸಾದವೆಂದು ಸ್ವೀಕರಿಸುತ್ತಿದ್ದೆ.

ಸದ್ದು ಹೇಗಿತ್ತು ಎನ್ನುತ್ತೀರಾ? ಶುದ್ಧ ರಾಡಿ. ಎಕೋ ಡಬ್ಬಿ ನಾಲ್ಕು ಸಲ ಹೇಳಿದ್ದನ್ನು ಅದರ ನಂತರ ಕೂತ ಗೊಗ್ಗರು ಡಬ್ಬಿ ನಾಲ್ಕು ಸಲವೂ ಅರೆದು ಹಾಕುತ್ತಿತ್ತು. ನಾನು ಬಾರಿಸಿದ್ದು ಯಾವುದು, ಅದರ ಮಾರ್ದನಿ ಯಾವುದು, ಬ್ರಹ್ಮನಿಗೂ ತಿಳಿಯುವಂತಿರಲಿಲ್ಲ. ನಾನು ಅದನ್ನು ನನ್ನ ಶೈಲಿ ಎಂದುಕೊಂಡಿದ್ದೆ. ಕೇಳಿದ ಪುಣೆಯವರೂ “ಕಾಹೀತರೀ ವೇಗಳಂ ಆಹೇ”, ಏನೋ ಬೇರೆ ಥರ ಇದೆ, ಎನ್ನುತ್ತಿದ್ದರು. ಅವರ ಬಾಯಲ್ಲಿ ಅದು ಬೈಗುಳವೆಂದು ತಿಳಿಯುವುದಕ್ಕೆ ನನಗೆ ಬಹಳ ವರ್ಷ ಹಿಡಿಯಿತು.

ಅಷ್ಟರಲ್ಲಿ ಪುಣೆಯಂಚಿನ ಹಿಂಜವಾಡಿಯಲ್ಲಿ ಸಾಫ್ಟ್‌ವೇರ್ ಕಂಪನಿಗಳು ಎದ್ದವು. ಬೆಂಗಳೂರಿನ ಕಾರ್ತಿಕ್ ಎಂಬುವವನು ಅಲ್ಲಿ ಕೆಲಸಕ್ಕೆ ಸೇರಿ, ಪಕ್ಕದ ವಾಕಡದಲ್ಲಿ ಫ್ಲ್ಯಾಟು ಹಿಡಿದು, ನಾನು ಬಾರಿಸುತ್ತಿದ್ದ ನಮ್ಮ ಪೇಟೆಯ ಕನ್ನಡ ಮಂಡಳಿಯ ಆರ್ಕೆಸ್ಟ್ರಾಕ್ಕೆ ಎರಡನೆಯ ಗಿಟಾರಿಗನಾಗಿ ಬಂದ. ಸೈಬರ್ ಕೆಫೆಯ ಸಕಲ ಶಾಸ್ತ್ರಗಳೂ ಅವನಿಗೆ ಬಾಯಿಪಾಠ. ತಾಲೀಮಿನ ಅರ್ಧ ಹೊತ್ತು ತನ್ನ ಡಬ್ಬಿಗಳನ್ನು ಜೋಡಿಸುತ್ತಿದ್ದ, ಉಳಿದರ್ಧ ಹೊತ್ತು ಬಿಚ್ಚುತ್ತಿದ್ದ. ಆದ್ದರಿಂದ ಅವನು ತಪ್ಪು ಬಾರಿಸಿದ್ದನ್ನು ಯಾರೂ ಕೇಳಿರಲಿಲ್ಲ. ನನ್ನ ಸಾಲನ್ನು ನೋಡಿದ್ದೇ ಅವನು ತಲೆಯ ಮೇಲೆ ಕೈ ಇಟ್ಟುಕೊಂಡ.

“ಗುರು, ಏನಿದು? ಡಿಲೇನ ಫಸ್ಟ್ ಇಟ್ಟಿದೀಯ? ಯಾವ್ ಲಾಜಿಕ್ ಇದು?”

“ಅದು ನಮ್ಮ ಮಾಮಾಂದು” ಎಂದೆ.

“ಅಂಕಲ್‌ಗೂ ಸಿಗ್ನಲ್‌ಗೂ ಏನ್ ಸಂಬಂಧ ಮಾರಾಯ?”

ಅಳುವ ಡಬ್ಬಿ ಮೊದಲು, ಆಮೇಲೆ ಗೊಗ್ಗರು, ಆಮೇಲೆ ನಾಲ್ಕು ಜನರ ಡಬ್ಬಿ, ಎಕೋ ಕಟ್ಟಕಡೆಗೆ ಎಂದು ಅವನೇ ಜೋಡಿಸಿ, ಬಾರಿಸು ಎಂದ. ಬಾರಿಸಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಮೈ ಜುಂ ಎಂದಿತು. ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳಿ, ಅದರ ಹಿಂದೆ ಮಾರ್ದನಿ ಅಷ್ಟೇ ನಿರ್ಮಲವಾಗಿ ನಡೆದುಬಂತು. ಇಷ್ಟು ವರ್ಷ ನಾನು ಸಾಸಿವೆ ಸಿಡಿಯುವ ಮೊದಲೇ ನೀರು ಸುರಿದು ಅದನ್ನು ಒಗ್ಗರಣೆ ಎನ್ನುತ್ತಿದ್ದೆ. ಅವತ್ತೇ ಒಂದು ಪ್ಲೈವುಡ್ ಹಲಗೆ ತಂದು, ಡಬ್ಬಿಗಳನ್ನು ಅದೇ ಸಾಲಿನಲ್ಲಿ ಅಂಟುಪಟ್ಟಿಯಿಂದ ಕೂರಿಸಿಬಿಟ್ಟೆ.

ದಸರೆ ಬಂತು. ಹಲಗೆಯನ್ನು ದೇವರ ಮುಂದೆ ಇಟ್ಟೆ. ಮಾಮಾ ಬಗ್ಗಿ ನೋಡಿದರು.

“ನಂದೆಲ್ಲಿ?”

“ಅಕಾ, ಅಲ್ಲದ ನೋಡ್ರಿ ಮಾಮಾ.”

“ಕಡೀಕ?”

“ಹಂಗಿಟ್ರ ಸೌಂಡ್ ಛಲೋ ಬರ್ತದ್ರಿ.”

“ಬರ್ಲಿ. ಭಾಳ ಛಲೋ ಬರ್ಲಿ” ಎಂದು ಹೇಳಿ ಅವರು ಕೈ ಮುಗಿಯದೆ ಹೊರಗೆ ಹೋದರು. ಸಂಜೆ ಬನ್ನಿ ಎಲೆ ಹಂಚುವಾಗ ಮನೆಯವರಿಗೆ, ಬಾಡಿಗೆಯವರಿಗೆ, ಎದುರುಮನೆಯ ಮರಾಠಿಯವರಿಗೆ ಎಲ್ಲ ಕೊಟ್ಟು, ಕೊನೆಗೆ ತೂತು ಬಿದ್ದ ಒಂದು ಎಲೆಯನ್ನು ನನ್ನ ಕೈಗಿಟ್ಟು, “ಕಡೀಕಿದ್ರ ಛಲೋ ಅಂತಲ್ಲಪಾ” ಎಂದರು. ಮಂಡಳಿಯ ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ತಾವು ಬರುವುದಿಲ್ಲವೆಂದೂ ಅಂದರು. ಅದನ್ನು ನಾಲ್ಕು ಸಲ ಅಂದರು.

ನೀವು ನಗಬಹುದು. ನನಗೆ ನಗು ಬರಲಿಲ್ಲ. ಮಂಡಳಿಯ ಉಳಿದ ಶ್ರೋತೃಗಳು ಕಾರ್ಯಕ್ರಮದ ನಂತರದ ಊಟಕ್ಕೆ ಬರುವವರು. ನನ್ನ ಗಿಟಾರು ಕೇಳಲೆಂದೇ ಬರುತ್ತಿದ್ದವರು ಜಗತ್ತಿನಲ್ಲಿ ಮಾಮಾ ಒಬ್ಬರೇ. ಮುಂದಿನ ಸಾಲಿನ ಆ ಕುರ್ಚಿ ಖಾಲಿಯಿದ್ದರೆ ನಾನು ಯಾರಿಗೆಂದು ಬಾರಿಸಲಿ?

ಕಾರ್ತಿಕ್ ತಾನು ತಿಳಿಸಿ ಹೇಳುತ್ತೇನೆಂದು ಅಂಗಡಿಗೆ ಹೋದ. “ಅಂಕಲ್, ಆಕ್ಚುಲಿ ಡಿಲೇ ಯಾವಾಗ್ಲೂ ಲಾಸ್ಟ್ ಬರ್ಬೇಕು, ಅದೇ ಸ್ಟ್ಯಾಂಡರ್ಡ್” ಎಂದು ಆರಂಭಿಸಿದವನಿಗೆ ಮಾಮಾ ಚಹಾ ತರಿಸಿದರು, ಎಲ್ಲವನ್ನೂ ತಲೆಯಾಡಿಸುತ್ತ ಕೇಳಿದರು, ಕೊನೆಗೆ ಒಂದು ಕುಕ್ಕರು ಮಾರಿ ಕಳಿಸಿದರು. ಅವನು ಅದನ್ನು ಅಪ್ಪಿಕೊಂಡು ವಾಕಡದ ಬಸ್ಸು ಹತ್ತಿದ.

“ಮದಲಿನಂಗ ಇಟ್ ಬಿಡಪಾ. ಮಂದಿಗೇನ್ ತಿಳೀತದ?” ಎಂದರು ಮಾಮಿ. ಮಂದಿಗೆ ತಿಳಿಯದು ನಿಜ, ಆದರೆ ನನ್ನ ಕಿವಿಗೆ ರುಚಿ ಹತ್ತಿಬಿಟ್ಟಿತ್ತು. ಕೊನೆಗೆ ದಾರಿ ತೋರಿಸಿದ್ದು ನನ್ನ ಆಫೀಸು. ನಮ್ಮ ಸಾಹೇಬರ ಕೋಣೆ ಬಾಗಿಲಿಗೆ ಮೊದಲನೆಯದು. ಫೈಲು ಅಲ್ಲಿಗೆ ಮುಟ್ಟುವುದು ಮಾತ್ರ ಎಲ್ಲರ ಮೇಜು ಸುತ್ತಿದ ಮೇಲೆ. ಕೂರುವ ಜಾಗ ಬೇರೆ, ಕಾಗದ ನಡೆಯುವ ದಾರಿ ಬೇರೆ. ಮಾಮಾನ ಡಬ್ಬಿಯನ್ನು ಕಿತ್ತು ಸಾಲಿನ ಮೊದಲಿಗೇ ಕೂರಿಸಿದೆ. ಗಿಟಾರಿನ ವಯರನ್ನು ಅದಕ್ಕೆ ಸಿಕ್ಕಿಸದೆ ಎರಡನೆಯದಕ್ಕೆ ಸಿಕ್ಕಿಸಿದೆ. ಕಡೆಯ ಡಬ್ಬಿಯಿಂದ ಒಂದು ಉದ್ದ ವಯರನ್ನು ಹಲಗೆಯ ಹಿಂದಿನಿಂದ ಸುತ್ತಿಸಿ ತಂದು ಮಾಮಾನ ಡಬ್ಬಿಗೆ ಕೊಟ್ಟು, ಅಲ್ಲಿಂದ ಆಂಪ್ಲಿಫೈಯರಿಗೆ ಒಯ್ದೆ. ಕಣ್ಣಿಗೆ ಮೊದಲು, ಕಿವಿಗೆ ಕೊನೆ. “ಮದಲಿಗೇ ಇಟ್ಟಾನಂತ್ರಿ” ಎಂಬ ಸುದ್ದಿಯನ್ನು ಮಾಮಿ ಅವತ್ತೇ ಮುಟ್ಟಿಸಿದರು.

ಕಾರ್ಯಕ್ರಮ ಶಾಲೆಯೊಂದರ ಹಾಲಿನಲ್ಲಿ. ಮಾಮಾ ಕೋಟು, ಕರಿ ಟೊಪ್ಪಿಗೆ ಹಾಕಿಕೊಂಡು ಬಂದರು. ಸೀದಾ ವೇದಿಕೆಯ ಹತ್ತಿರ ಹೋಗಿ, ಇಣುಕಿ, ತಮ್ಮ ಡಬ್ಬಿ ಮೊದಲಿದ್ದುದನ್ನು ಖಾತ್ರಿ ಮಾಡಿಕೊಂಡು ಮುಂದಿನ ಸಾಲಿನಲ್ಲಿ ಕೂತರು. ನಾವು ಒಂದು ತತ್ವಪದ ಎತ್ತಿಕೊಂಡೆವು. ಅದಕ್ಕೂ ಗೊಗ್ಗರು ಡಬ್ಬಿ ಹಚ್ಚಿದ್ದನ್ನು ಆ ಪದ ಕಟ್ಟಿದ ಪುಣ್ಯಾತ್ಮ ಕ್ಷಮಿಸಲಿ. ಕಡೆಗೆ ಹಾಡುವವರು ನಿಲ್ಲಿಸಿದರು, ತಬಲಾ ನಿಂತಿತು, ಕಾರ್ತಿಕ್ ನಿಲ್ಲಿಸಿದ, ನಾನೂ ಮಾಮಾನ ಡಬ್ಬಿಯನ್ನು ಮೆಟ್ಟಿ ಕೊನೆಯ ಸ್ವರ ಬಾರಿಸಿ ಕೈ ತೆಗೆದೆ. ಎಲ್ಲರೂ ಸುಮ್ಮನಾದ ಮೇಲೆ ಅದೊಂದು ಸ್ವರ ಹಾಲಿನ ಹಿಂದಿನ ಗೋಡೆಯವರೆಗೆ ಮತ್ತೆ ಮತ್ತೆ ಹೋಗಿಬಂತು. ಊಟದ ಕಡೆಗೆ ಎದ್ದು ಹೊರಟವರೂ ಒಂದು ಗಳಿಗೆ ನಿಂತರು.

ಆಮೇಲೆ ಎಲ್ಲರೂ ಊಟಕ್ಕೆ ನಡೆದರು. ಮೊದಲ ಪಂಕ್ತಿಗೆ ಕರೆಯಲು ಬಂದವರಿಗೆ “ನೀವ್ ಕೂಡ್ರಿ” ಎಂದು ಹೇಳಿ ಮಾಮಾ ವೇದಿಕೆ ಹತ್ತಿ ನನ್ನ ಹಲಗೆಯ ಮುಂದೆ ಕುಕ್ಕುರುಗಾಲಲ್ಲಿ ಕೂತರು.

“ಎಲ್ಲಾರೂ ಸುಮ್ನಾದ ಮ್ಯಾಲೂ ಒಂದು ಹೇಳಕೋತನ ಇತ್ತಲ್ಲ, ಯಾವದದು?”

“ನಿಮ್ಮದ್ರಿ ಮಾಮಾ.”

“ಮದಲ ಕುಂತಾವಂದು ಕಡೀತನ ಹೆಂಗ ಕೇಳತದ?”

ವ್ಯಾಪಾರಿಯ ಬೆರಳು. ಗಿಟಾರಿನ ವಯರನ್ನು ಹಿಡಿದು ನಡೆಯಿತು. ತಮ್ಮ ಡಬ್ಬಿಯನ್ನು ದಾಟಿ ಮುಂದಕ್ಕೆ ಹೋದ ವಯರು, ಒಂದೊಂದೇ ಡಬ್ಬಿ, ಹಲಗೆಯ ಹಿಂದಿನ ಸುತ್ತು, ಎಲ್ಲವನ್ನೂ ಸವರಿ, ಕಡೆಗೆ ತಮ್ಮದಕ್ಕೆ ಬಂದು ನಿಂತಿತು. ಸೋಲಾಪುರದಲ್ಲಿ ಮಾಡಿದಂತೆ ಊಟ ಬಿಟ್ಟು ಹತ್ತಲು ಈ ಹೊತ್ತಿನಲ್ಲಿ ಮಾಮಾನಿಗೆ ರೈಲಿದೆಯೋ ಇಲ್ಲವೋ ಎಂದು ಯೋಚಿಸಿದೆ.

“ಅಂದ್ರ ನಂದು ಕಡೀಕನ ಅದ.”

“ಹೌದ್ರಿ.”

ಮಾಮಾ ತಮ್ಮ ಡಬ್ಬಿಯನ್ನು ಅಂಟುಪಟ್ಟಿಯಿಂದ ಚರ್ರನೆ ಕಿತ್ತು, ತಮ್ಮ ಕೈಯಿಂದಲೇ ಸಾಲಿನ ಕಟ್ಟಕಡೆಗೆ ಕೂರಿಸಿದರು. “ಸುಳ್ಳ ಯಾಕ ಮದಲ ಕೂಡಸ್ತಿ? ಖರೇ ಎಲ್ಲದನೋ ಅಲ್ಲೇ ಇರ್ಲಿ” ಎಂದರು. “ಈಗ ಇನ್ನೊಮ್ಮಿ ಬಾರ್ಸು. ಬಾರ್ಸಿ ಕೈ ತಗಿ.”

ಒಂದೇ ತಂತಿ ಮೀಟಿ ಕೈ ತೆಗೆದೆ. ಹೊರಗೆ ಪಂಕ್ತಿಯಲ್ಲಿ ಬಡಿಸುವವರ ಗದ್ದಲ. ಮಾಮಾ ಕಣ್ಣು ಮುಚ್ಚಿ, ನಾನು ಮಾತಾಡದಂತೆ ಒಂದು ಬೆರಳೆತ್ತಿ ಕೂತರು. ಸದ್ದು ಸಣ್ಣಗಾಗುತ್ತ, ಇನ್ನೂ ಸಣ್ಣಗಾಗುತ್ತ ಹೋಗಿ ನಿಂತಿತು. ಬೆರಳು ಮೇಲೆಯೇ ಇತ್ತು.

“ಇನ್ನೂ ಕೇಳತದಲೋ” ಎಂದರು.

ಡಬ್ಬಿ ಯಾವಾಗಲೋ ಸುಮ್ಮನಾಗಿತ್ತು. ಹಿರಿಯರಿಗೆ ಎದುರಾಡುವ ಪದ್ಧತಿ ನಮ್ಮಲ್ಲಿಲ್ಲ. “ಹೌದ್ರಿ ಮಾಮಾ, ಕೇಳತದ” ಎಂದೆ.