ಅಕ್ಕನ ನಾಮಪತ್ರದಲ್ಲಿ ನನ್ನ ಸಹಿ

ಕಲ್ಕತ್ತಾದ ಖಿದಿರ್‌ಪುರದಲ್ಲಿ ಬಾಡಿಗೆ ಕೋಣೆ ಕೇಳಲು ಹೋದಾಗ ಮನೆಯೊಡತಿ ನನ್ನ ಗುಂಗುರು ಕೂದಲು, ಮುಖ ನೋಡಿ ಮೊದಲು ಕೇಳಿದ್ದು ಪಾಸ್‌ಪೋರ್ಟ್. "ನಾನು ಕರ್ನಾಟಕದವನು, ಮಾಶಿಮಾ," ಎಂದೆ. ಹಿರಿಯ ಹೆಂಗಸರನ್ನು ಇಲ್ಲಿ ಹಾಗೆ ಕರೆಯುತ್ತಾರೆ, ನಾವು ಚಿಕ್ಕಮ್ಮ ಅನ್ನುವಂತೆ. ಆಕೆ ಮಗಳ ಕಡೆ ತಿರುಗಿ, ನನಗೂ ಕೇಳಲಿ ಎಂದು ಹಿಂದಿಯಲ್ಲೇ ಹೇಳಿದರು: "ನೋಡು, ಆಫ್ರಿಕಾದಿಂದ ಫುಟ್‌ಬಾಲ್ ಆಡೋಕೆ ಬಂದವನು ಹಿಂದಿ ಎಷ್ಟು ಬೇಗ ಕಲಿತಿದ್ದಾನೆ."

ನಾವು ಹಳಿಯಾಳ ಕಡೆಯ ಸಿದ್ದಿಗಳು. ನಮ್ಮ ಹಿರಿಯರನ್ನು ಆಫ್ರಿಕಾದಿಂದ ಹಡಗಿನಲ್ಲಿ ತಂದು ಗೋವೆಯಲ್ಲಿ ಮಾರಿದ್ದರಂತೆ. ತಪ್ಪಿಸಿಕೊಂಡವರು ಕಾಡು ಸೇರಿದರು. ನಾನೀಗ ಹಡಗುಕಟ್ಟೆಯ ಪಕ್ಕದ ಗೋದಾಮೊಂದರ ಕಾವಲುಗಾರ. ಬೆಳಿಗ್ಗೆ ಮುಡಿ ತಿನ್ನುತ್ತೇನೆ. ನಮ್ಮ ಚುರುಮುರಿಯೇ, ಆದರೆ ಹಸಿ ಸಾಸಿವೆ ಎಣ್ಣೆಯ ಘಾಟು ಮೂಗಿಗೇರುತ್ತದೆ. ಚಹಾದಂಗಡಿಯ ಬೆಂಚಿನಲ್ಲಿ ಯಾರಾದರೂ ಸರಿದು, "ಬೈಠೋ ದಾದಾ," ಅನ್ನುತ್ತಾರೆ. ಆಗೆಲ್ಲ ನನಗೆ ಊರಿನ ಕುರ್ಚಿಯೊಂದು ನೆನಪಾಗುತ್ತದೆ.

ಊರಲ್ಲಿ ಧಣಿಯ ಜಗಲಿ ನಾವು ಹತ್ತುವಂತಿರಲಿಲ್ಲ. ಅಜ್ಜಿ, ಅವ್ವ ಎಲ್ಲರೂ ಅಂಗಳದಲ್ಲೇ ಕೂತವರು. ಪಂಚಾಯಿತಿಯ ಒಂದು ಸ್ಥಾನ ನಮ್ಮಂಥ ಪಂಗಡದ ಹೆಣ್ಣುಮಕ್ಕಳಿಗೆ ಮೀಸಲಾದಾಗ ಧಣಿ ತನ್ನ ಮನೆಗೆಲಸದಾಕೆಯನ್ನೇ ಅವಿರೋಧವಾಗಿ ಆರಿಸಲು ಹೊರಟ. ನನ್ನ ಅಕ್ಕ ರೋಸಿ ಎದುರು ನಿಂತಳು. ನಾಮಪತ್ರಕ್ಕೆ ಅದೇ ವಾರ್ಡಿನ ಮತದಾರನೊಬ್ಬ ಸೂಚಕನಾಗಿ ಸಹಿ ಹಾಕಬೇಕಿತ್ತು. ನಾಲ್ಕನೇ ಇಯತ್ತೆ ಓದಿದ್ದ ನಾನು ಹಾಕಿದೆ.

ನಾಮಪತ್ರ ಪರಿಶೀಲನೆಯ ಹಿಂದಿನ ದಿನ ಧಣಿ ಕರೆಸಿದ. "ಅಲ್ಲ್ಯಾಕ ನಿಂತಿ ಫಿಲಿಪ್? ಮ್ಯಾಲ ಬಾ, ಕುರ್ಚಿ ಮ್ಯಾಲ ಕುಂಡ್ರು." ಪಿಂಗಾಣಿ ಕಪ್ಪಿನಲ್ಲಿ ಚಹಾ ಬಂತು. "ಕಲ್ಕತ್ತಾದಾಗ ನಮ್ಮ ಬೀಗರ ಗೋದಾಮೈತಿ. ನಿನಗ ನೌಕರಿ ಕೊಡಸ್ತೀನಿ. ನಾಳೆ ಆ ಸಹಿ ನಂದಲ್ಲ ಅಂದುಬಿಡು."

ನೌಕರಿಯ ಆಸೆಗೆ ಒಪ್ಪಿದೆ ಎಂದು ಎಲ್ಲರೂ ತಿಳಿದಿದ್ದಾರೆ. ನಿಜ ಹೇಳುತ್ತೇನೆ, ನಾನು ಸೋತದ್ದು ಆ ಕುರ್ಚಿಗೆ. ಚಹಾ ಮುಗಿದ ಮೇಲೂ ಎದ್ದು ಬರಲು ಮನಸ್ಸಾಗಲಿಲ್ಲ.

ಮರುದಿನ ಅಧಿಕಾರಿ ಕಾಗದ ತೋರಿಸಿ ಕೇಳಿದರು. "ನನ್ನದಲ್ಲ," ಎಂದೆ. ನಾಮಪತ್ರ ತಿರಸ್ಕಾರವಾಯಿತು. ಪಕ್ಕದಲ್ಲೇ ನಿಂತಿದ್ದ ಅಕ್ಕ ಕೂಗಾಡಲಿಲ್ಲ. "ಮನಿಗೆ ನಡಿ, ಊಟಕ್ಕ ಹೊತ್ತಾತು," ಎಂದಳು. ಅವಳು ಬೈದಿದ್ದರೆ ನಾನು ಇಷ್ಟು ದೂರ ಬರುತ್ತಿರಲಿಲ್ಲವೇನೋ.

ಮೊನ್ನೆ ಅವಳ ಫೋನು ಬಂತು. "ತಮ್ಮಾ, ಮತ್ತ ನಿಂತೀನಿ. ಈ ಸಲ ಮೀಸಲು ಇಲ್ಲ, ಆದರೂ ನಿಂತೀನಿ. ಬಂದು ನೀನ ಸಹಿ ಹಾಕು."

ಅವಳು ನನಗಾಗಿ ಬಾಗಿಲು ತೆರೆದಿದ್ದಳು. ಆದರೆ ಎಲ್ಲಿಯವನು, ಎಲ್ಲಿಯವನು ಎಂಬ ಪ್ರಶ್ನೆಗೆ ಬೇಸತ್ತು ಹೋದ ವರ್ಷವಷ್ಟೇ ಇಲ್ಲಿಯ ವಿಳಾಸಕ್ಕೆ ಮತದಾರರ ಚೀಟಿ ಮಾಡಿಸಿಕೊಂಡಿದ್ದೆ.

"ಅಕ್ಕಾ, ನನ್ನ ಹೆಸರು ಊರಿನ ಪಟ್ಟಿಯೊಳಗ ಇಲ್ಲ. ಇಲ್ಲಿಗೆ ಹಾಕಿಸ್ಕೊಂಡೀನಿ."

"ಹೋಗ್ಲಿ ಬಿಡು. ಅವ್ವನ ಹೆಬ್ಬೆಟ್ಟು ಹಾಕಸ್ತೀನಿ," ಎಂದಳು. ಆಮೇಲೆ, "ಊಟ ಆತೇನು?"

ಇಲ್ಲಿ ಚುನಾವಣೆ ಬಂದರೆ ಪಾಡಾದವರು, ಅಂದರೆ ನಮ್ಮ ಓಣಿಯವರು, ನನ್ನನ್ನೂ ಕರೆದುಕೊಂಡು ಹೋಗಿ ಸಾಲಿನಲ್ಲಿ ನಿಲ್ಲಿಸುತ್ತಾರೆ. ಮತಯಂತ್ರದ ಹೆಸರುಗಳು ಬಂಗಾಳಿಯಲ್ಲಿವೆ, ಚಿಹ್ನೆ ನೋಡಿ ಗುಂಡಿ ಒತ್ತಬೇಕು. ನಾನು ಓದಬಲ್ಲ ಅಕ್ಷರದಲ್ಲಿ ಅಕ್ಕನ ಹೆಸರು ಅಚ್ಚಾಗಿ ಬರುವ ಮತಪತ್ರ ಊರಿನವರೆಲ್ಲರ ಕೈಗೆ ಸಿಗುತ್ತದೆ, ಧಣಿಯ ಕೈಗೂ.