ಎಲ್ಲಾ ದೋಣಿ ಬಂದವು ಎನ್ನುತ್ತಿದ್ದ ರವೀಂದ್ರ

ಕರ್ಕಿಯ ರವೀಂದ್ರ ನಮ್ಮ ಹೊನ್ನಾವರದ ಕೇಬಲ್ ಚಾನೆಲ್ಲಿನಲ್ಲಿ ಹದಿನಾರು ವರ್ಷ ರಾತ್ರಿ ಹತ್ತೂವರೆಯ ಕಾರ್ಯಕ್ರಮ ನಡೆಸಿದ. ಕ್ಯಾಮೆರಾ ಹಿಂದೆ ನಿಂತವನು ನಾನು. ಇದ್ದದ್ದು ಒಂದೇ ಕೋಟು, ಅದೂ ಅವನ ಮದುವೆಯದ್ದು, ಕೆಳಗೆ ಲುಂಗಿ. ಮೇಜು ಅಡ್ಡ ಇತ್ತಲ್ಲ, ಯಾರಿಗೆ ಕಾಣಬೇಕು! ಫೋನ್ ಮಾಡಿದವರನ್ನೆಲ್ಲ ಕಿಚಾಯಿಸುತ್ತಿದ್ದ, ಬೇಡವೆಂದರೂ ಹಾಡುತ್ತಿದ್ದ. ಆ ಹಾಡನ್ನು ಕೇಳುವುದು ಕಷ್ಟವೇ ಇತ್ತು.

ಆದರೆ ಕಾಸರಕೋಡ, ಮಂಕಿಯ ಮೀನುಗಾರ ಹೆಂಗಸರು ನಿದ್ದೆಗೆಟ್ಟು ಕೂರುತ್ತಿದ್ದದ್ದು ಕೊನೆಯ ಐದು ನಿಮಿಷಕ್ಕೆ. ಬಂದರಿನ ಮಂಜನಿಂದ ಫೋನಿನಲ್ಲಿ ತಿಳಿದುಕೊಂಡು, ದಡ ಸೇರಿದ ದೋಣಿಗಳ ಹೆಸರನ್ನು ಒಂದೊಂದಾಗಿ ಓದುತ್ತಿದ್ದ. ಮುಗಿದ ಮೇಲೆ, "ಎಲ್ಲಾ ದೋಣಿ ಬಂದ್ವು. ಆತು, ಇನ್ನು ಮಲಗಿ" ಎನ್ನುತ್ತಿದ್ದ. ಅಷ್ಟಾದ ಮೇಲೆಯೇ ಆ ಮನೆಗಳಲ್ಲಿ ದೀಪ ಆರುತ್ತಿದ್ದದ್ದು.

ಏಳು ವರ್ಷದ ಹಿಂದೆ ಒಂದು ರಾತ್ರಿ 'ಗಂಗಾಮಾತಾ' ಒಂದೇ ಬಾಕಿ. ಅದರ ದೀಪ ಅಳಿವೆಯ ಹೊರಗೆ ಕಾಣಿಸಿತು ಎಂದು ಮಂಜ ಫೋನ್ ಮಾಡಿ ಮನೆಗೆ ಹೋದ. ನದಿ ಸಮುದ್ರ ಸೇರುವ ಆ ಅಳಿವೆಯಲ್ಲಿ ಮರಳು ತುಂಬಿದೆ. ಅದನ್ನು ದಾಟುವವರೆಗೆ ನಮ್ಮಲ್ಲಿ ಯಾರೂ ದೋಣಿ ಬಂತು ಎನ್ನುವುದಿಲ್ಲ. ರವೀಂದ್ರನಿಗೂ ಗೊತ್ತಿತ್ತು. ಆದರೆ ಹೊತ್ತು ಮುಗಿಯುತ್ತಿತ್ತು, ಓದಿಬಿಡು ಎಂದು ಕೈಸನ್ನೆ ಮಾಡಿದವನು ನಾನೇ. ಓದಿದ.

ಕಾಸರಕೋಡದ ದುರ್ಗಿ ಟಿವಿ ಆರಿಸಿ ಮಲಗಿದಳು. ದೋಣಿ ಮರಳಿಗೆ ಹೊಡೆದು ಮಗುಚಿತ್ತು. ಬಂತೆಂದು ನಂಬಿದ ಊರಿನಲ್ಲಿ ಹುಡುಕಲು ಯಾರು ಹೋಗುತ್ತಾರೆ? ಅವಳ ಗಂಡ ಮಾಸ್ತಿಯ ಹೆಣ ಬೆಳಿಗ್ಗೆ ಸಿಕ್ಕಿತು.

ಮೂರನೆಯ ದಿನ ರವೀಂದ್ರ ಅವಳ ಅಂಗಳದಲ್ಲಿ ತಲೆ ತಗ್ಗಿಸಿ ನಿಂತ. "ಇನ್ನು ಟಿವಿಲಿ ಕೂರೂದಿಲ್ಲ ತಂಗಿ" ಎಂದ.

"ನೀ ಬಿಟ್ರೆ ಉಳದವ್ರು ಎಂತ ನೋಡ್ಕಂಡು ಮಲಗೂದು?" ಎಂದಳು. ಕ್ಷಮಿಸಿದೆ ಎನ್ನಲಿಲ್ಲ.

ಅವನು ಬಿಡಲಿಲ್ಲ. ಹಾಡು ಮಾತ್ರ ನಿಂತಿತು. ದಿನಾ ತಾನೇ ಬಂದರಿಗೆ ಹೋಗಿ, ಪ್ರತಿ ದೋಣಿಯನ್ನೂ ಕೈಯಿಂದ ಮುಟ್ಟಿ ಬಂದ ಮೇಲೆಯೇ ಹೆಸರು ಓದುತ್ತಿದ್ದ. ಆ ಕೊನೆಯ ಮಾತನ್ನು ಮತ್ತೆಂದೂ ಆಡಲಿಲ್ಲ. ಸುಮ್ಮನೆ ಕೈ ಮುಗಿಯುತ್ತಿದ್ದ. ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನ್ನ ಸಂಕಟ ಸ್ವಲ್ಪ ಕಡಿಮೆಯಾಗುತ್ತಿತ್ತು.

ಕಳೆದ ತಿಂಗಳು ಎದೆನೋವು ಬಂದು ಹೋಗಿಬಿಟ್ಟ. ಅಂಗಳದ ತುಂಬ ಮೀನುಗಾರ ಹೆಂಗಸರು. ದುರ್ಗಿ ಅವನ ತಲೆಯ ಹತ್ತಿರ ಕುಳಿತು ಹಣೆ ಸವರಿದಳು. ನಾನು ಹಿಂದೆಯೇ ನಿಂತಿದ್ದೆ.

"ಎಲ್ಲಾ ದೋಣಿ ಬಂದ್ವು ಅಣ್ಣ" ಎಂದಳು. "ಆತು, ಇನ್ನು ಮಲಗು."